ಹತ್ತನೇ ದಿನದ ಫೋನು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮಾತ್ರ ಎರಡೂ ತಪ್ಪಿದ್ದಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿಲ್ಲ ಅನ್ನುವವರು ಪಟ್ಟಂನ ಸಂದೀಪನನ್ನು ನೋಡಿಲ್ಲ. ಇದು ಅವನ ಕಥೆ, ಒಂದಕ್ಷರ ಸುಳ್ಳಿಲ್ಲ. ಸುಳ್ಳೆಲ್ಲ ಅವನೇ ಹೇಳಿ ಮುಗಿಸಿದ್ದರಿಂದ ನಮಗೆ ಉಳಿದದ್ದು ನಿಜ ಮಾತ್ರ.

ಸಂದೀಪ ಮೈಸೂರಿನವನು. ತಿರುವನಂತಪುರದಲ್ಲಿ ಬ್ಯಾಂಕ್ ಆಫೀಸರ್, ಮನೆ ಅಲ್ಲಿನ ಪಟ್ಟಂ ಬಡಾವಣೆಯಲ್ಲಿ. ನವೆಂಬರಿನಲ್ಲಿ ಕೊಚ್ಚಿಯ ಕನ್ನಡಿಗರ ರಾಜ್ಯೋತ್ಸವಕ್ಕೆ ಮಿಮಿಕ್ರಿ ಮಾಡಲು ಹೋದ. ಪ್ರೆಶರ್ ಕುಕ್ಕರ್ ಆದ, ಲೋನ್ ಕೇಳುವ ಗಿರಾಕಿಯಾದ, ಲೋನ್ ಕೊಡದ ಮ್ಯಾನೇಜರ್ ಆದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಭಾಂಗಣದ ಕೊನೆಯಲ್ಲಿ, ಸಾರಿನ ಪುಡಿಯ ಪೊಟ್ಟಣ ಜೋಡಿಸಿದ ಒಂದು ಮೇಜಿನ ಹಿಂದೆ ನಿಂತ ಹುಡುಗಿ ಮಾತ್ರ ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದಳು.

ಕಲಾವಿದನಿಗೆ ನೂರು ಚಪ್ಪಾಳೆ ಕೇಳಿಸುವುದಿಲ್ಲ, ತಟ್ಟದ ಎರಡು ಕೈ ಕಾಣಿಸುತ್ತವೆ. ನೇರ ಮೇಜಿಗೇ ಹೋದ.

"ಏನ್ರೀ, ಕುಕ್ಕರ್ ಚೆನ್ನಾಗಿರಲಿಲ್ವಾ?"

"ಕುಕ್ಕರ್ ಒಳ್ಳೆದಿತ್ತು," ಎಂದಳು ಅವಳು, ಪೆನ್ನು ಎತ್ತದೆ. "ಒಳಗೆ ಎಂತ ಬೇಯ್ತಾ ಉಂಟು ಅಂತ ಗೊತ್ತಾಗಲಿಲ್ಲ."

ಆಮೇಲೆ ಕಣ್ಣೆತ್ತಿದಳು. ಕಣ್ಣಿನಲ್ಲಿ ನಗು ಇತ್ತು, ತುಟಿಗೆ ಇನ್ನೂ ಇಳಿದಿರಲಿಲ್ಲ. ಸಂದೀಪ ಅಲ್ಲೇ ಬಿದ್ದ. ಬಿದ್ದವನಿಗೆ ಏಳಲು ನೆಪ ಬೇಕಲ್ಲ, ಒಂದು ಪೊಟ್ಟಣ ಸಾರಿನ ಪುಡಿ ಕೊಂಡ.

ಅವಳು ನಂದಿತಾ. ಕಾಸರಗೋಡಿನವಳು. ಕೊಚ್ಚಿಯ ಕಾಕ್ಕನಾಡಿನ ಐಟಿ ಕೆಲಸ ಬಿಟ್ಟು, ಅಲ್ಲೇ ಬಾಡಿಗೆ ಮನೆಯಲ್ಲಿ ಸಾರಿನ ಪುಡಿ ಮಾಡಿ ಮಾರುತ್ತಿದ್ದಳು. ಶನಿವಾರ ಹುರಿಯುವುದು, ಭಾನುವಾರ ವಾಟ್ಸಾಪಿನಲ್ಲಿ ಒಂದೇ ಒಂದು ಮೆಸೇಜು, ವಾರಕ್ಕೆ ನಲವತ್ತು ಪೊಟ್ಟಣ. ನಲವತ್ತೊಂದನೆಯವರು ಮುಂದಿನ ವಾರಕ್ಕೆ ಕಾಯಬೇಕು. ಪ್ರತಿ ಪೊಟ್ಟಣದೊಳಗೆ ಕೊಂಡವರ ಹೆಸರು ಹಾಕಿ ಕೈಬರಹದ ಚೀಟಿ. ಹತ್ತನೇ ದಿನ ಅವಳೇ ಫೋನ್ ಮಾಡಿ ಕೇಳುವಳು: "ಸಾರು ಹೇಗಾಯ್ತು? ಹೊಗಳುವುದು ಬೇಡ, ತಪ್ಪು ಹೇಳಿ." ಅವಳ ಮಾರ್ಕೆಟಿಂಗ್ ಅಂದರೆ ಇಷ್ಟೇ.

ಹಳೆಯ ಸಹೋದ್ಯೋಗಿ ಅಲ್ವಿನ್ ಒಮ್ಮೆ ಸಹಾಯ ಮಾಡಲು ಹೋಗಿ, ಇಂಟರ್ನೆಟ್ಟಿನಲ್ಲಿ ಅವಳ ಪುಡಿಗೆ ಐದು ನಕ್ಷತ್ರದ ಮೂವತ್ತು ರಿವ್ಯೂ ಹಾಕಿಸಿದ್ದ. ಒಬ್ಬರೂ ರುಚಿ ನೋಡಿದವರಲ್ಲ. ನಂದಿತಾ ಮೂವತ್ತನ್ನೂ ತೆಗೆಸಿದಳು. ಅಲ್ವಿನನ ಗೆಳೆತನವನ್ನೂ ತೆಗೆದಿಟ್ಟಳು.

"ಬಾಡಿಗೆ ಬಾಯಿ ನನಗೆ ಬೇಡ. ತಿನ್ನದವರು ಹೊಗಳಿದರೆ ನಾನು ಯಾರ ಮಾತು ಕೇಳಿ ಉಪ್ಪು ಹಾಕುವುದು?"

ಇದನ್ನು ಅವಳು ಸಂದೀಪನಿಗೇ ಹೇಳಿದ್ದಳು, ಮೊದಲನೆಯ ಹತ್ತನೇ ದಿನದ ಫೋನಿನಲ್ಲಿ. ಅವನು ಹೌದು ಹೌದು ಎಂದಿದ್ದ. ನಾಲ್ಕು ನಿಮಿಷ ಮಾತಾಯಿತು. ಫೋನಿಟ್ಟ ಮೇಲೆ ಕ್ಯಾಲೆಂಡರ್ ನೋಡಿದ. ಇನ್ನೊಂದು ಪೊಟ್ಟಣ ಕೊಂಡರೂ ಮತ್ತೆ ಹತ್ತು ದಿನ.

ಅಲ್ಲಿ ಬುದ್ಧಿ ಜಾರಿತು. ಸಂದೀಪನ ಹತ್ತಿರ ಇನ್ನೆರಡು ಸಿಮ್ ಇದ್ದವು, ಗಂಟಲಿನಲ್ಲಿ ಇನ್ನೂರು ಜನ ಇದ್ದರು.

ಒಂದು ನಂಬರಿನಿಂದ ಅವನ ಮ್ಯಾನೇಜರ್, ಧಾರವಾಡದ ಉಪೇಂದ್ರ, ಪುಡಿ ತರಿಸಿದರು. ಇನ್ನೊಂದರಿಂದ ಕೆಳಗಿನ ಮನೆಯ ಓನರ್, ಸೆಕ್ರೆಟೇರಿಯಟ್‌ನಲ್ಲಿ ದುಡಿದು ರಿಟೈರ್ ಆದ ಕಾಸರಗೋಡಿನ ಮಂದಾಕಿನಿ ಆಂಟಿ ತರಿಸಿದರು. ಪಾಪ, ಇಬ್ಬರಿಗೂ ವಿಷಯ ಗೊತ್ತಿಲ್ಲ. "ಎಲ್ಲರದ್ದೂ ಒಂದೇ ಡಬ್ಬದಲ್ಲಿ ಕಳಿಸಿ, ನಾನೇ ಹಂಚ್ತೀನಿ," ಎಂದು ಸಂದೀಪ ಉಪಕಾರ ಮಾಡಿದ. ಹಂಚಿದ್ದು ಅಟ್ಟಕ್ಕೆ. ಅವನಿಗೆ ಸಾರು ಕುಡಿಯಲು ಬರುತ್ತಿತ್ತು, ಮಾಡಲು ಬರುತ್ತಿರಲಿಲ್ಲ.

ಹತ್ತನೇ ದಿನ ಉಪೇಂದ್ರರು ಗುಡುಗಿದರು: "ಮೇಡಂ, ಖಾರ ಭಾಳ ಕಮ್ಮಿ ಆತು ನೋಡ್ರಿ! ಸಾರು ಉಂಡ್ರ ಕಣ್ಣಾಗ ನೀರು ಬರಬೇಕ್ರಿ!"

ಮಂದಾಕಿನಿ ಆಂಟಿಯ ಜೊತೆ ಮಾತು ಉದ್ದವಾಗುತ್ತಿತ್ತು. ಸ್ವಂತ ದನಿಯಲ್ಲಿ 'ಚೆನ್ನಾಗಿದೆ' ಬಿಟ್ಟು ಏನೂ ಹೊರಡದ ಸಂದೀಪನಿಗೆ, ಆಂಟಿಯ ದನಿಯಲ್ಲಿ ಎಲ್ಲ ಕೇಳಲು ಬರುತ್ತಿತ್ತು. ಊಟ ಆಯಿತಾ, ಹುರಿದು ಹುರಿದು ಕೈ ನೋಯುವುದಿಲ್ಲವಾ, ಒಬ್ಬಳೇ ಇದ್ದು ಬೇಜಾರಾಗುವುದಿಲ್ಲವಾ. ಅವಳೂ ಹೇಳುತ್ತಿದ್ದಳು. ಒಂದು ದಿನ ಸ್ವಲ್ಪ ತಡೆದು ಕೇಳಿದಳು:

"ಆಂಟೀ, ನಿಮ್ಮ ಮೇಲಿನ ಮನೆಯ ಬ್ಯಾಂಕಿನವರು... ಜನ ಹೇಗೆ?"

ಸಂದೀಪನ ಎದೆ ಕುಕ್ಕರಿನಂತೆ ಮೂರು ಸೀಟಿ ಹೊಡೆಯಿತು. ಆಂಟಿ ಮಾತ್ರ ತಣ್ಣಗೆ, "ಚಿನ್ನದಂಥ ಹುಡುಗ ಮಾರಾಯ್ತಿ," ಎಂದರು.

ಆಂಟಿಯ ತಂಗಿಗೆ ಎರಡು, ಪಕ್ಕದ ಮನೆಗೆ ಎರಡು, ಬ್ಯಾಂಕಿನ ಸ್ಟಾಫಿಗೆ ಆರು. ನಾಲ್ಕು ತಿಂಗಳಲ್ಲಿ ತಿರುವನಂತಪುರಕ್ಕೇ ವಾರಕ್ಕೆ ಹದಿನಾಲ್ಕು ಪೊಟ್ಟಣ ಬರತೊಡಗಿದವು. ಅಟ್ಟ ಘಮಘಮ ಎನ್ನುತ್ತಿತ್ತು.

ಮಾರ್ಚಿನಲ್ಲಿ ನಂದಿತಾಳೇ ಫೋನ್ ಮಾಡಿದಳು. ಹತ್ತನೇ ದಿನವಲ್ಲ, ಆರನೆಯದು.

"ಸಂದೀಪ್, ಭಾನುವಾರ ಅಲ್ಲಿಗೆ ಬರ್ತೇನೆ. ಪಟ್ಟಂನಲ್ಲಿ ಒಂದು ಅಂಗಡಿಯವರು ಶೆಲ್ಫ್ ಕೊಡ್ತಾರಂತೆ, ಮಧ್ಯಾಹ್ನ ಸೈನ್ ಮಾಡ್ಲಿಕ್ಕೆ ಉಂಟು. ಅದಕ್ಕೆ ಮೊದಲು ಮಂದಾಕಿನಿ ಆಂಟಿಯನ್ನೂ ಉಪೇಂದ್ರ ಸಾರನ್ನೂ ಕಾಣಬೇಕು."

"ಕೊಚ್ಚಿ ಗಿರಾಕಿಗಳು?"

"ಇಲ್ಲಿ ಹನ್ನೊಂದು ಮನೆ ಬಿಟ್ಟುಹೋಯ್ತು. ಖಾರ ಜಾಸ್ತಿ ಅಂತ." ದನಿ ಒಂದು ಮೆಟ್ಟಿಲು ಇಳಿಯಿತು. "ನಿಮ್ಮ ಉಪೇಂದ್ರ ಸಾರ್ ಹೇಳಿದ ಮೇಲೆ ಮೆಣಸು ಜಾಸ್ತಿ ಮಾಡಿದ್ದೆ. ಅಲ್ಲಿಯವರಿಗೆ ಎಲ್ಲರಿಗೂ ಸೇರಿತಲ್ಲ. ಹಾಗಾದ್ರೆ ಅಲ್ಲಿಗೇ ಬರುವುದು ಸರಿ ಅಂತ ಕಂಡಿತು. ಕಾಕ್ಕನಾಡಿನ ಮನೆ ಬಿಡ್ತೇನೆ."

ಸಂದೀಪ ಫೋನಿಟ್ಟು ಸ್ಟೂಲು ಹತ್ತಿ ಅಟ್ಟ ನೋಡಿದ. ಅಷ್ಟೂ ಪೊಟ್ಟಣ ಅಲ್ಲಿದ್ದವು. ಒಂದನ್ನು ಬಿಚ್ಚಿದ. ಚೀಟಿ: 'ಉಪೇಂದ್ರ ಸಾರ್, ಈ ಸಲ ಮೆಣಸು ಎರಡು ಹಿಡಿ ಹೆಚ್ಚು. ಕಣ್ಣಲ್ಲಿ ನೀರು ಬಂದರೆ ತಿಳಿಸಿ.'

ಬಂತು.

ಅವಳು ಬಂದು ಇಲ್ಲಿ ಅಂಗಡಿ ಇಟ್ಟರೆ ದಿನಾ ನೋಡಬಹುದು. ಇಲ್ಲದ ಊರನ್ನು ನಂಬಿ ಇದ್ದ ಊರು ಬಿಟ್ಟು ಬಂದವಳ ಮುಖ, ದಿನಾ. ನಿಜ ಹೇಳಿದರೆ ಅಲ್ವಿನನ ಸಾಲಿನಲ್ಲಿ ಅವನೂ ಒಬ್ಬ, ಆ ಮುಖ ಎಂದೂ ಕಾಣುವುದಿಲ್ಲ. ಮಿಮಿಕ್ರಿಯವನಿಗೆ ಇದಕ್ಕೆ ಮೂರನೆಯ ದನಿ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ರೈಲಿಳಿದ ನಂದಿತಾ, ಕರೆದೊಯ್ಯಲು ಬಂದಿದ್ದ ಸಂದೀಪನ ಜೊತೆ ಆಟೋದಲ್ಲಿ ಮೂರು ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಳು. "ಆಂಟಿಗೆ ಇದು, ಹೊಸ ಹದ," ಎಂದು ತೋರಿಸಿದಳು. ಕಾಲರಿನ ಹತ್ತಿರ ಒಂದು ಕೊತ್ತಂಬರಿ ಕಾಳು ಅಂಟಿತ್ತು. ಸಂದೀಪನಿಗೆ ಅದನ್ನು ತೆಗೆಯುವ ಆಸೆಯಾಯಿತು. ಕೈ ಕಟ್ಟಿಕೊಂಡ.

"ನಂದಿತಾ ಅವರೇ, ಆಂಟಿ ನಿಮ್ಮ ಪುಡಿ ಕೊಂಡಿಲ್ಲ. ಉಪೇಂದ್ರ ಸರ್ ಕೂಡ. ಅದು ನಾನೇ. ಎರಡೂ ದನಿ ನನ್ನದೇ. ಪೊಟ್ಟಣ ಎಲ್ಲ ಅಟ್ಟದ ಮೇಲಿದೆ. ಇಲ್ಲಿ ನಿಮಗೆ ಒಬ್ಬ ಗಿರಾಕಿಯೂ ಇಲ್ಲ. ಆ ಶೆಲ್ಫಿಗೆ ಸೈನ್ ಮಾಡಬೇಡಿ."

ಆಟೋ ಒಂದು ಸಿಗ್ನಲ್ ದಾಟಿತು, ಇನ್ನೊಂದು ದಾಟಿತು.

"ಯಾಕೆ?"

"ಹತ್ತು ದಿನಕ್ಕೆ ನಾಲ್ಕು ನಿಮಿಷ ಸಾಕಾಗ್ತಿರಲಿಲ್ಲ ರೀ."

"ಕೇಳಬಹುದಿತ್ತಲ್ಲ, ಇನ್ನೂ ಸ್ವಲ್ಪ ಮಾತಾಡುವ ಅಂತ."

"ಬರಲಿಲ್ಲ."

"ಹನ್ನೊಂದು ಮನೆ, ಸಂದೀಪ್," ಎಂದಳು ಮೆಲ್ಲಗೆ. "ಒಂದೊಂದೇ ಮನೆ ಸೇರಿಸ್ಲಿಕ್ಕೆ ನನಗೆ ಎರಡು ವರ್ಷ ಹಿಡಿದಿತ್ತು."

ಅವಳು ಅಂಗಡಿಯವರಿಗೆ ಫೋನ್ ಮಾಡಿ ಶೆಲ್ಫ್ ಬೇಡವೆಂದಳು. ವಾಪಸ್ ಸ್ಟೇಷನ್ನಿಗೆ ಹೋಗೋಣವೇ ಎಂದು ಸಂದೀಪ ಕೇಳಿದ.

"ಬೇಡ. ಮಂದಾಕಿನಿ ಆಂಟಿಯನ್ನು ಕಾಣ್ಲಿಕ್ಕೆ ಬಂದದ್ದು, ಕಂಡೇ ಹೋಗ್ತೇನೆ."

ಮಂದಾಕಿನಿ ಆಂಟಿ ಎಪ್ಪತ್ತರ ಹೆಂಗಸು. ಕಡತ ನೋಡಿದ ಕಣ್ಣು, ಕನ್ನಡಕದ ಮೇಲಿಂದ ನೋಡಿದರೆ ಎದುರಿನವರು ತಾವಾಗಿ ಅರ್ಜಿ ವಾಪಸ್ ತೆಗೆದುಕೊಳ್ಳಬೇಕು. ಜಗಲಿಯಲ್ಲಿ ಕೂರಿಸಿ ಪೂರ್ತಿ ಕೇಳಿದರು. ಸಂದೀಪನಿಂದ ಅಟ್ಟದ ಪೊಟ್ಟಣಗಳನ್ನೆಲ್ಲ ಕೆಳಗೆ ತರಿಸಿದರು. ನವೆಂಬರಿನದ್ದು ಒಂದು, ಮಾರ್ಚಿನದ್ದು ಒಂದು ಬಿಚ್ಚಿ ಬೇರೆ ಬೇರೆ ಪಾತ್ರೆಯಲ್ಲಿ ಸಾರು ಕುದಿಸಿದರು. ಕುಡಿದು, ಮಾರ್ಚಿನ ಪಾತ್ರೆಯನ್ನು ದೂರ ಸರಿಸಿದರು.

"ಇದು ಗಂಟಲು ಸುಡುವುದು. ಆ ಹಳೆಯದ್ದರ ಪರಿಮಳ ಸ್ವಲ್ಪ ಹೋಗಿದ್ರೂ ಸಾರು ಅಂದ್ರೆ ಅದೇ. ತಿಂಗಳಿಗೆ ಒಂದು ಪೊಟ್ಟಣ ಕಳಿಸು. ಒಂದು ಸಾಕು. ನನಗೆ ತಂಗಿ ಇಲ್ಲ."

ನಂದಿತಾ ಪುಸ್ತಕ ತೆಗೆದು ಬರೆದುಕೊಂಡಳು: ತಿರುವನಂತಪುರ, ಒಂದು ಮನೆ. ಅಲ್ಲೇ ಕೂತು ಕೊಚ್ಚಿಯ ಹನ್ನೊಂದು ಮನೆಗೂ ಫೋನ್ ಮಾಡಿದಳು. ತಪ್ಪು ನನ್ನದು, ಹಳೆಯ ಹದಕ್ಕೆ ಹೋಗ್ತಿದ್ದೇನೆ, ಈ ಸಲದ ಪೊಟ್ಟಣ ನನ್ನ ಕಡೆಯಿಂದ. ಸಂದೀಪನ ಹೆಸರು ಎತ್ತಲಿಲ್ಲ. ಏಳು ಮನೆ ಆಗಲಿ ಎಂದರು, ಮೂರು ಎತ್ತಲಿಲ್ಲ, ಒಬ್ಬರು ಬೇಡವೆಂದರು. ಬೇಡವೆಂದವರಿಗೂ ಅವಳು ಥ್ಯಾಂಕ್ಸ್ ಹೇಳಿದ್ದು ಸಂದೀಪನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಫೋನಿಟ್ಟು ಅವಳು ಆಂಟಿಯ ಕಡೆ ತಿರುಗಿದಳು.

"ಆಂಟೀ, ಈಗ ನಿಜವಾಗಿ ಕೇಳ್ತೇನೆ. ಇವರು ಜನ ಹೇಗೆ?"

"ಹಿಂದೆ ನಾನು ಎಂತ ಹೇಳಿದ್ದೆ?"

"ಚಿನ್ನದಂಥ ಹುಡುಗ ಅಂದಿದ್ರಿ."

"ನಾನಾ!" ಆಂಟಿ ಕನ್ನಡಕ ಸರಿಮಾಡಿಕೊಂಡರು. "ನೀರಿನ ಮೋಟರ್ ಹಾಕಿದ್ರೆ ಆಫ್ ಮಾಡ್ಲಿಕ್ಕೆ ನೆನಪಿಲ್ಲ. ಅಕ್ಕಿ ತೊಳೀಲಿಕ್ಕೂ ಬರುವುದಿಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಆಸ್ಪತ್ರೆಗೆ ಕರಕೊಂಡು ಹೋದ, ಅದೂ ಉಂಟು. ಮತ್ತೆ ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಒಬ್ಬನೇ ಮಾತಾಡ್ತಾನೆ. ಯಾವಾಗಲೂ ಒಂದೇ ಪಾಠ. ಈಗ ಅರ್ಥ ಆಯ್ತು ಯಾರಿಗೆ ಅಂತ."

"ಆಂಟಿ, ಬೇಡ," ಎಂದ ಸಂದೀಪ.

ಆಂಟಿ ಎದ್ದರು. ಸೆರಗನ್ನು ಟವೆಲಿನಂತೆ ಹೆಗಲಿಗೆ ಹಾಕಿ, ಭುಜ ಕುಗ್ಗಿಸಿ, ಕಂಬಕ್ಕೆ ಕೈಮುಗಿದರು. ಹೊರಟದ್ದು ಅಚ್ಚ ಮೈಸೂರಿನ ದನಿ, ಅದೂ ನಡುಗುವ ದನಿ:

"ನಂದಿತಾ ಅವರೇ... ನಂಗೆ ನೀವು ಅಂದ್ರೆ... ಅಂದ್ರೆ ನೀವು... ತುಂಬಾ... ಥೂ! ಮತ್ತೆ ಮೊದಲಿಂದ. ನಂದಿತಾ, ನಾನು ನಿಮ್ಮನ್ನ... ಕೊತ್ತಂಬರಿ ಚೆನ್ನಾಗಿ ಹುರಿದಿದ್ದೀರಿ ಕಣ್ರೀ!"

ಸಂದೀಪ ಮುಖ ಮುಚ್ಚಿಕೊಂಡ. ಬೆರಳ ಸಂದಿನಿಂದ ನೋಡಿದ. ನಂದಿತಾ ತುಟಿ ಕಚ್ಚಿ ಹಿಡಿದಿದ್ದಳು.

"ಎಷ್ಟು ದಿನ ಹೀಗೆ, ಆಂಟೀ?"

"ದೀಪಾವಳಿ ಕಳೆದ ಮೇಲಿಂದ ದಿನಾ. ಒಂದು ದಿನ ಬನಿಯನ್ನಿಗೆ ಹೇಳ್ತಿದ್ದ. ಅದಕ್ಕೂ ಪೂರ್ತಿ ಹೇಳಲಿಲ್ಲ."

"ಈಗ ಪೂರ್ತಿ ಹೇಳ್ತೀನಿ," ಎಂದ ಸಂದೀಪ, ಕೈ ಕೆಳಗಿಳಿಸಿ. "ನಂಗೆ ನೀವು ಇಷ್ಟ. ಬೇಡ ಅಂದ್ರೂ ಪರವಾಗಿಲ್ಲ, ಅಟ್ಟದಲ್ಲಿ ಚೆನ್ನಾಗಿರೋ ಪೊಟ್ಟಣ ಯಾವುದಿದೆಯೋ ಅದನ್ನ ಒಂದೊಂದೇ ಮನೆಗೆ ಕೊಟ್ಟು ರುಚಿ ಕೇಳ್ಕೊಂಡು ಬರ್ತೀನಿ. ಬೈದ್ರೆ ಬೈದಿದ್ದನ್ನೂ ಹೇಳ್ತೀನಿ."

ನಂದಿತಾ ಪುಸ್ತಕ ಮುಚ್ಚಿದಳು.

"ಮೊದಲು ಶನಿವಾರ ಕಾಕ್ಕನಾಡಿಗೆ ಬನ್ನಿ. ಮೆಣಸು ಹುರೀಲಿಕ್ಕೆ. ಆ ಘಾಟು ತಡೀತೀರಾ ನೋಡುವ. ನನಗೂ ಇಷ್ಟ ಇಲ್ಲದಿದ್ರೆ ಆಟೋದಲ್ಲೇ ಇಳಿದು ಹೋಗ್ತಿದ್ದೆ."

ಸಂದೀಪನಿಗೆ ಏನಾದರೂ ಹೇಳಬೇಕಿತ್ತು. ಬಾಯಿ ತೆರೆದ. ತೆರೆದಂತೆಯೇ ನಿಂತ. ಪಕ್ಕದಿಂದ ಆಂಟಿ ಅವನದೇ ದನಿಯಲ್ಲಿ, ಅವನ ಪರವಾಗಿ, ಮೆಲ್ಲಗೆ ಉತ್ತರ ಕೊಟ್ಟರು: "ಚೆನ್ನಾಗಿದೆ."

ಸಂದೀಪ ನಕ್ಕ, ಆಂಟಿ ನಕ್ಕರು. ನಂದಿತಾ ಮಾತ್ರ ಕಂಬ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಬೀದಿಯಲ್ಲಿ ಹೋಗುತ್ತಿದ್ದ ಮೀನಿನವನು ಸೈಕಲ್ ನಿಲ್ಲಿಸಿ ನೋಡುವಷ್ಟು ಜೋರಾಗಿ ನಕ್ಕಳು.