ನಜ್ವಾಳ ಮೂರು ಬೆರಳು

ಸಿರಿಯಾದ ಹೋಮ್ಸ್ ನಗರದಲ್ಲಿ ನನ್ನದೊಂದು ಬೇಕರಿ. ಶೆಲ್ ಬೀಳುವುದು ನಿಂತ ಕೂಡಲೇ ನಮ್ಮ ಬೀದಿಯವರು ನಾದಿದ ಹಿಟ್ಟನ್ನು ಬೇಯಿಸಲು ನನ್ನ ಭಟ್ಟಿಗೆ ತರುತ್ತಾರೆ. ಅದಲುಬದಲಾಗದಿರಲೆಂದು ಪ್ರತಿ ಮನೆಯ ರೊಟ್ಟಿಗೂ ಒಂದು ಗುರುತು. ನಜ್ವಾ ಮೂರು ಬೆರಳು ಒತ್ತುತ್ತಿದ್ದಳು. ಅವಳ ನಡುಬೆರಳು ಮೊಂಡು.

ಮಂಗಳವಾರ ಬಿದ್ದ ಶೆಲ್ಲಿಗೆ ಅವಳೂ ಹೋದಳು, ಮನೆಯೂ ಹೋಯಿತು. ಶುಕ್ರವಾರ ಅವಳ ಗಂಡ ಗಸ್ಸಾನ್ ಹಿಟ್ಟು ತಂದ.

"ಅಕ್ಕನ ಮನೇಲಿ ನಾನೇ ನಾದಿದ್ದು. ನಗ್ಬೇಡ."

"ಕಲ್ಲಾಗಿದೆಯಲ್ಲೋ! ಗುರುತೆಲ್ಲಿ?"

"ಅವಳ ಗುರುತು ನಾನ್ಹೇಗೆ ಹಾಕ್ಲಿ? ಹಾಗೇ ಬೇಯ್ಸು ಮಾರಾಯ."

ಹಾಗೇ ಬೇಯಿಸಿದೆ. ಹೊರತೆಗೆದಾಗ ಪ್ರತಿ ರೊಟ್ಟಿಯ ಮೇಲೂ ಮೂರು ಗುಳಿಗಳಿದ್ದವು, ನಡುವಿನದು ಮೊಂಡು. ಗಸ್ಸಾನ್ ಅವುಗಳಲ್ಲಿ ಬೆರಳಿಟ್ಟವನು ತೆಗೆಯಲೇ ಇಲ್ಲ.

"ಸುಡುತ್ತೆ, ಕೈ ತೆಗಿಯೋ!"

"ಇಲ್ಲ, ತಣ್ಣಗಿದೆ."

ನಾನೂ ಮುಟ್ಟಿದೆ. ರೊಟ್ಟಿ ನನ್ನ ಬೆರಳು ಸುಟ್ಟಿತು. ಗುಳಿಗಳು ಮಾತ್ರ ತಣ್ಣಗಿದ್ದವು.