ಅರ್ಧ ಮುಚ್ಚಳ ಗೊಬ್ಬರ

ಪಕ್ಕದ ಮನೆಯ ನರ್ಸಮ್ಮ ತಂಗಿಯ ಊರಿಗೆ ಹೊರಟಾಗ ನನಗೆ ಬೀಗದಕೈ ಕೊಟ್ಟು, ಕೋಣೆಯಲ್ಲಿದ್ದ ಹೂಕುಂಡ ತೋರಿಸಿ, ರೋಗಿಗೆ ಔಷಧಿಯ ಅಳತೆ ಹೇಳುವ ಹಾಗೆ ಹೇಳಿದ್ದರು: "ವಾರಕ್ಕೊಂದ್ಸಲ ಒಂದು ಮಗ್ ನೀರಿಗೆ ಅರ್ಧ ಮುಚ್ಚಳ ಗೊಬ್ಬರ. ಒಣ ಮಣ್ಣಿಗಂತೂ ಹಾಕಲೇಬೇಡ ಕಣೇ, ಬೇರು ಸುಟ್ಟೋಗುತ್ತೆ."

ತಿಂಗಳಿಡೀ ನಾನು ಆ ಕಡೆ ತಲೆಹಾಕಲಿಲ್ಲ. ಅವರು ಬರುವ ದಿನ ಬೆಳಿಗ್ಗೆ ಗಾಬರಿಯಾಗಿ, ಬಿರುಕುಬಿಟ್ಟ ಮಣ್ಣಿಗೆ ಇಡೀ ಬಾಟಲಿ ಗೊಬ್ಬರ ಸುರಿದುಬಿಟ್ಟೆ. ಮಧ್ಯಾಹ್ನ ನೋಡಿದರೆ ಎಲೆಗಳೆಲ್ಲ ಕಪ್ಪಾಗಿದ್ದವು. ಕೋಣೆ ತಣ್ಣಗಿತ್ತು, ಕುಂಡ ಮಾತ್ರ ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ಅವರ ಕಣ್ಣಿಗೆ ಬೀಳದಿರಲೆಂದು ಎಲೆಗಳನ್ನು ಕತ್ತರಿಸತೊಡಗಿದೆ. ಒಂದೊಂದು ಎಲೆಗೆ ಕತ್ತರಿ ಹಾಕಿದಾಗಲೂ ಒಳಕೋಣೆಯಲ್ಲಿ ಯಾರೋ ನೋವಿಗೆ ಉಸಿರೆಳೆದುಕೊಂಡಂತೆ ಸದ್ದಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಹದಿನೇಳೂ ಎಲೆಗಳನ್ನು ಚೀಲಕ್ಕೆ ತುರುಕಿಕೊಂಡು, ಬೋಳು ಗಿಡಕ್ಕೆ ಬೆನ್ನು ಹಾಕಿ ಓಡಿಬಂದೆ.

ಸಂಜೆ ನರ್ಸಮ್ಮ ನನ್ನ ಕೈಹಿಡಿದು ಒಳಗೆ ಕರೆದೊಯ್ದರು. "ಒಂದೆಲೆನೂ ಬಾಡಿಲ್ಲ ನೋಡೇ! ಏನ್ ಕೈಗುಣ ನಿಂದು!"

ಗಿಡ ಹಸಿರಾಗಿ ತುಂಬಿಕೊಂಡಿತ್ತು. ಎಣಿಸಿದೆ, ಹದಿನೇಳು ಎಲೆ. ಬಾಯಿಬಿಟ್ಟು ನಿಜ ಹೇಳಬೇಕಿತ್ತು. "ಅಯ್ಯೋ, ಅದೇನ್ ಮಹಾ," ಎಂದು ನಕ್ಕೆ.

ಇದಾಗಿ ಎರಡು ವರ್ಷ. ಆಕೆ ಈಗಲೂ ಕಂಡವರ ಮುಂದೆಲ್ಲ ನನ್ನನ್ನು ಹೊಗಳುತ್ತಾರೆ. ಚೀಲ ನನ್ನ ಬೀರುವಿನಲ್ಲೇ ಇದೆ. ಇವತ್ತು ಬೆಳಿಗ್ಗೆ ಕೈಹಾಕಿ ನೋಡಿದೆ. ಎಲೆಗಳು ಇನ್ನೂ ಬಿಸಿಯಾಗಿವೆ.