ಅವನ ಮುಖಕ್ಕೆ ಬಳಿದ ಮಸಿ

ಅವನ ಮುಖಕ್ಕೆ ಮೊದಲ ಸಲ ಮಸಿ ಬಳಿದವಳು ಅವಳೇ. ಬಳಿಯುವ ಮೊದಲು ಚೆನ್ನಾಗಿ ಬೈದಿದ್ದಳು ಕೂಡ.

ಅವಳು ಟಿವಿಯ ಪತ್ತೇದಾರಿ ಧಾರಾವಾಹಿಯೊಂದಕ್ಕೆ ಮೇಕಪ್ ಮಾಡುತ್ತಿದ್ದಳು. ಅಂದು ಸೇತುವೆಯ ಕೆಳಗೆ ಶೂಟಿಂಗ್. ಮನೆಮಠ ಇಲ್ಲದ ಮಾಜಿ ಸೈನಿಕನೊಬ್ಬನ ಹೆಣ ಅಲ್ಲಿ ಪೊಲೀಸರಿಗೆ ಸಿಗಬೇಕಿತ್ತು. ಹೆಣವಾಗಬೇಕಿದ್ದ ನಟನ ಸುಳಿವಿಲ್ಲ. ನಿರ್ದೇಶಕರು ಆಗಲೇ ಕೆಂಡವಾಗಿದ್ದರು. ಅಷ್ಟರಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ ಒಬ್ಬ ಅವಳ ಕಣ್ಣಿಗೆ ಬಿದ್ದ. ಮೈಮೇಲೆ ಹಳೆಯ ಮಿಲಿಟರಿ ಕೋಟು. ಸರಿ, ಇವನೇ ಇರಬೇಕು. ಆದರೆ ಗಡ್ಡ ನುಣ್ಣಗೆ ಬೋಳಿಸಿತ್ತು, ಕೂದಲನ್ನು ನೀರು ಹಚ್ಚಿ ಒಪ್ಪವಾಗಿ ಬಾಚಿತ್ತು, ಬೂಟುಗಳು ಮುಖ ಕಾಣುವಷ್ಟು ಮಿಂಚುತ್ತಿದ್ದವು.

"ಬೀದೀಲಿ ಮಲಗೋನು ಹೀಗಿರ್ತಾನೇನ್ರೀ? ಶೇವ್ ಮಾಡ್ಕೊಂಡು ಬನ್ನಿ ಅಂತ ಯಾರು ಹೇಳಿದ್ರು ನಿಮಗೆ?"

ಅವನು ತಲೆಯೆತ್ತಿ ನೋಡಿದ. "ಯಾರೂ ಹೇಳಿಲ್ಲ. ದಿನಾ ಮಾಡ್ಕೋತೀನಿ."

ಇದೇನು ಸೊಕ್ಕು ಅಂದುಕೊಳ್ಳುತ್ತಲೇ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಅವನು ತಟ್ಟನೆ ಕಣ್ಣು ಮುಚ್ಚಿದ. ಕೆನ್ನೆಯ ಮೂಳೆಯ ಕೆಳಗೆ ಮಸಿ ತೀಡಿದಳು, ಹಣೆಯ ಗೆರೆಗಳಲ್ಲಿ ಕಂದು ಬಣ್ಣ ತುಂಬಿದಳು, ತುಟಿಗೆ ಒಣಗಿದ ಬಿರುಕು ಬರೆದಳು. ಅವಳ ಬೆರಳು ಹೋದಲ್ಲೆಲ್ಲ ಅವನ ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಇಷ್ಟು ಹೊತ್ತೂ ಅವನು ಉಸಿರು ಬಿಗಿಹಿಡಿದಿದ್ದಾನೆ ಎಂಬುದು ಆಮೇಲೆ ಗೊತ್ತಾಯಿತು.

"ಉಸಿರಾಡಿ. ಹೆಣ ಆಗೋದಕ್ಕೆ ಇನ್ನೂ ಟೈಮಿದೆ," ಎಂದಳು.

ಬಿರುಕು ಬರೆದ ತುಟಿಯ ಒಂದು ಮೂಲೆ ಮೇಲೆದ್ದಿತು.

ಆಗಲೇ ನಿಜವಾದ ನಟ ಆಟೋ ಇಳಿದು ಓಡೋಡಿ ಬಂದ. ಅವಳ ಕೈಯಲ್ಲಿನ ಸ್ಪಂಜು ಅಲ್ಲೇ ನಿಂತಿತು. ಈ ಮನುಷ್ಯ ನಿಜಕ್ಕೂ ಸೈನ್ಯದಲ್ಲಿದ್ದವನು, ನಿಜಕ್ಕೂ ಈ ಸೇತುವೆಯ ಕೆಳಗೇ ಮಲಗುವವನು ಎಂದು ತಿಳಿದಾಗ ನಾಚಿಕೆಯಿಂದ ಅವಳಿಗೆ ನೆಲಕ್ಕಿಳಿದು ಹೋದ ಹಾಗಾಯಿತು. ಹತ್ತಿ ತೆಗೆದುಕೊಂಡು ಗಡಿಬಿಡಿಯಲ್ಲಿ ಒರೆಸಹೋದಳು.

"ಇರ್ಲಿ ಬಿಡಿ," ಎಂದ ಅವನು ಮೆಲ್ಲಗೆ. "ಯಾರಾದ್ರೂ ನನ್ನ ಮುಖ ಮುಟ್ಟಿ ತುಂಬಾ ದಿನ ಆಗಿತ್ತು."

ಬಣ್ಣ ಹೇಗೂ ಹಚ್ಚಿಯಾಗಿದ್ದರಿಂದ ಹೆಣವಾಗುವ ಅವಕಾಶ ಕೊನೆಗೆ ಅವನಿಗೇ ಸಿಕ್ಕಿತು. ಅಷ್ಟು ಅಲುಗಾಡದೆ ಮಲಗುವವರನ್ನು ತಾವು ನೋಡಿಯೇ ಇಲ್ಲವೆಂದು ನಿರ್ದೇಶಕರು ಹೊಗಳಿದರು. ಸೆಟ್ಟಿನ ಹುಡುಗರು ಅವನಿಗೆ ಮೇಜರ್ ಎಂದು ಹೆಸರಿಟ್ಟರು. ತಾನು ಲಾರಿ ಓಡಿಸುತ್ತಿದ್ದ ಸಾದಾ ಸಿಪಾಯಿ ಎಂದು ಅವನು ಹೇಳಿದರೆ, ಪುಕ್ಕಟೆ ಬಡ್ತಿ ಬೇಡ ಅನ್ನಬಾರದು ಎಂದು ನಕ್ಕರು.

ಧಾರಾವಾಹಿಯವರು ಆ ಸೇತುವೆಗೆ ಮತ್ತೆ ಮತ್ತೆ ಬಂದರು. ಅವಳ ಮೇಕಪ್ ಕುರ್ಚಿಯ ಪಕ್ಕದಲ್ಲಿ ಅವನ ಟೀ ಲೋಟಕ್ಕೂ ಒಂದು ಜಾಗವಾಯಿತು. ಬಣ್ಣ ಹಚ್ಚುವಾಗ ಅವಳು ತುಟಿ ಕಚ್ಚಿಕೊಳ್ಳುವುದನ್ನು ಅವನು ಕನ್ನಡಿಯಲ್ಲಿ ನೋಡುತ್ತಿದ್ದ. ತಾನು ನೋಡಿದ್ದು ಅವಳಿಗೆ ಗೊತ್ತಾದರೆ ಏನೋ ನೆನಪಾದವನಂತೆ ಸೇತುವೆಯ ಸೂರನ್ನು ದಿಟ್ಟಿಸುತ್ತಿದ್ದ. ಅವಳಿಗೆ ಒಳಗೊಳಗೇ ನಗು.

ಒಂದು ದಿನ ಅವನೇ ಕೇಳಿದ. "ನಿಮ್ಮ ಸೀರಿಯಲ್‌ನಲ್ಲಿ ನಮ್ಮಂಥೋರು ಎರಡೇ ಥರ. ಒಂದು ಸತ್ತಿರ್ತಾರೆ, ಇಲ್ಲಾ ಕೊಂದಿರ್ತಾರೆ. ನಡುವೆ ಏನೂ ಇಲ್ವಾ?"

"ನಡುವೆ ಏನಿರುತ್ತೆ?"

"ಹಲ್ಲುಜ್ಜೋದು," ಎಂದ ಅವನು ಗಂಭೀರವಾಗಿ. "ನಲ್ಲೀಲಿ ನೀರು ಬರತ್ತೋ ಇಲ್ವೋ ಅಂತ ಕಾಯೋದು. ಒಬ್ಬರು ಟೀ ತರೋದು ತಡ ಮಾಡಿದ್ರೆ ದಾರಿ ನೋಡೋದು."

ಅವಳ ಕೈಯಲ್ಲಿದ್ದ ಬ್ರಷ್ ಬಣ್ಣದ ಬಟ್ಟಲನ್ನು ತಪ್ಪಿ ಟೀ ಲೋಟಕ್ಕೆ ಇಳಿಯಿತು.

ಅವನ ಕಥೆಯನ್ನು ಅವಳು ಚೂರುಚೂರಾಗಿ ಕೇಳಿಸಿಕೊಂಡಳು. ಅವನನ್ನು ಯಾರೂ ಮನೆಯಿಂದ ಓಡಿಸಿರಲಿಲ್ಲ. ಅಣ್ಣ ಒಳ್ಳೆಯವನು, ಅತ್ತಿಗೆ ಇನ್ನೂ ಒಳ್ಳೆಯವಳು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಿದರೆ ಅದು ಲಾರಿಯ ಕ್ಯಾಬಿನ್ ಆಗಿಬಿಡುತ್ತಿತ್ತು. ಪಕ್ಕದಲ್ಲಿ ಅವನ ಜೊತೆಗಾರ, ಬಾಯಿಬಡುಕ, ಒಂದೇ ಹಾಡಿನ ಅರ್ಧ ಸಾಲನ್ನು ಅಪಸ್ವರದಲ್ಲಿ ಗುನುಗುತ್ತಿರುವವನು. ರಸ್ತೆಯಲ್ಲಿ ಹುದುಗಿಸಿದ್ದ ಬಾಂಬು ಸಿಡಿದಾಗ ಆ ಸಾಲು ಪೂರ್ತಿಯಾಗಿರಲಿಲ್ಲ. ಆ ಸಿಡಿತದ ಶಬ್ದ ಅವನ ಎಡಗಿವಿಯಲ್ಲಿ ಇನ್ನೂ ಇತ್ತು. ಒಂದು ಬೆಳಗ್ಗೆ ಎಚ್ಚರವಾದಾಗ ಕೋಣೆಯ ಬಾಗಿಲು ಮುರಿದು ಬಿದ್ದಿತ್ತು, ಅಣ್ಣನ ಮಗಳು ಮೂಲೆಯಲ್ಲಿ ಮುದುರಿ ಕೂತು ಅವನನ್ನೇ ನೋಡುತ್ತಿದ್ದಳು. ಆ ನೋಟ ತಾಳಲಾರದೆ ಅವನೇ ಚೀಲ ಹೆಗಲಿಗೇರಿಸಿಕೊಂಡು ಹೊರಟಿದ್ದ. ಈಗ ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದ. ಒಂದು ಕಡೆಯಾದರೂ ಗೋಡೆ ಇಲ್ಲದ ಜಾಗದಲ್ಲಿ ಮಾತ್ರ ನಿದ್ದೆ ಬರುತ್ತಿತ್ತು.

ಅದನ್ನು ಕೇಳಿದ ರಾತ್ರಿಯಿಂದ ಅವಳಿಗೆ ತನ್ನ ಕೋಣೆಯ ಚಿಲಕ ಹಾಕಲು ಮನಸ್ಸು ಬರಲಿಲ್ಲ.

ಧಾರಾವಾಹಿಯ ಕೊನೆಯ ಕಂತಿನಲ್ಲಿ ಕೊಲೆಗಾರನೂ ಮಾಜಿ ಸೈನಿಕನೇ. ತಲೆ ಕೆಟ್ಟು ಹೆಂಗಸರ ಕತ್ತು ಹಿಸುಕುವವನು. ಆ ಪಾತ್ರಕ್ಕೆ ಮೇಜರೇ ಬೇಕು ಎಂದರು ನಿರ್ದೇಶಕರು. ಅವನು ಒಲ್ಲೆ ಎಂದ. ಮಾತಿಲ್ಲ, ಸುಮ್ಮನೆ ನಿಂತರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಪುಸಲಾಯಿಸಿದರು. ಅವನು ಅವಳ ಕಡೆ ನೋಡಿದ. ಬರೀ ನಿಲ್ಲುವುದು ತಾನೆ ಎಂದುಕೊಂಡು ಅವಳು ತಲೆಯಾಡಿಸಿದಳು. ಇದಕ್ಕಾಗಿ ಅವಳು ಆಮೇಲೆ ಬಹಳ ದಿನ ತನ್ನನ್ನೇ ಶಪಿಸಿಕೊಂಡಳು.

ನಿರ್ದೇಶಕರು ಕ್ಯಾಮೆರಾದವನಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಕಂಬದ ಹಿಂದೆ ಸಿಡಿಮದ್ದು ಇಡಿಸಿದ್ದರು. ಭಯ ಅಸಲಿಯಾಗಿ ಬರಲಿ ಎಂದು. ಅವಳು ಅವನ ಕೋಟಿನ ಕಾಲರಿಗೆ ಮಣ್ಣು ಸವರಿ ಹಿಂದೆ ಸರಿಯುತ್ತಿದ್ದಳು, ಅಷ್ಟೇ. ಸೇತುವೆಯೇ ಬಿರಿದ ಹಾಗೆ ಸದ್ದಾಯಿತು. ಮರುಕ್ಷಣ ಅವಳು ನೆಲದ ಮೇಲಿದ್ದಳು. ಅವನು ಅವಳ ಮೇಲೆ ಕವುಚಿಬಿದ್ದಿದ್ದ. ಬೆನ್ನನ್ನು ಸದ್ದಿಗೆ ಕೊಟ್ಟು, ಮೊಣಕೈ ಊರಿ, ಅವಳ ಮೈಮೇಲೆ ತನ್ನ ಭಾರ ಬೀಳದಂತೆ. ಅವಳ ತಲೆಗೂ ಕಲ್ಲುಹಾಸಿಗೂ ನಡುವೆ ಅವನ ಅಂಗೈ ಇತ್ತು. ಅವನ ಕಣ್ಣುಗಳು ತೆರೆದಿದ್ದವು, ಆದರೆ ಅವಳನ್ನು ಕಾಣುತ್ತಿರಲಿಲ್ಲ. ಯಾರಿಗೋ, ಅವಳಲ್ಲದ ಯಾರಿಗೋ, "ತಲೆ ಎತ್ತಬೇಡ, ಹಾಡು, ಹಾಡ್ತಾ ಇರು," ಎಂದು ಪಿಸುಗುಟ್ಟುತ್ತಿದ್ದ.

ಕ್ಯಾಮೆರಾ ನಿಲ್ಲಲಿಲ್ಲ.

ಎಚ್ಚರ ಬಂದಾಗ ಅವನು ಯಾರ ಮುಖವನ್ನೂ ನೋಡದೆ ಎದ್ದು ಹೋದ. ಆ ದೃಶ್ಯ ಬೇಡ ಎಂದು ಅವಳು ನಿರ್ದೇಶಕರ ಕಾಲಿಗೆ ಬೀಳುವುದೊಂದು ಬಾಕಿ. ಇಡೀ ಧಾರಾವಾಹಿಯಲ್ಲೇ ಇಂಥ ಶಾಟ್ ಸಿಕ್ಕಿಲ್ಲ, ನಿನ್ನ ಮುಖ ಕಾಣದ ಹಾಗೆ ಕತ್ತರಿಸುತ್ತೇನೆ ಎಂದರು ಅವರು. ಅವಳು ಅಂದೇ ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಕೆಲಸ ಬಿಟ್ಟು ಬಂದಳು. ದೃಶ್ಯ ಮಾತ್ರ ಅಲ್ಲೇ ಉಳಿಯಿತು.

ಕಂತು ಪ್ರಸಾರವಾದಾಗ ಅವಳು ಅಮ್ಮನ ಪಕ್ಕದಲ್ಲಿ ಕೂತು ನೋಡಿದಳು. ಅಮ್ಮನಿಗೆ ಆ ಧಾರಾವಾಹಿಯೆಂದರೆ ಪ್ರಾಣ. ಪರದೆಯ ಮೇಲೆ ಕೊಳಕು ಕೋಟಿನ ಒಬ್ಬ ಮೃಗದಂತೆ ಹೆಂಗಸಿನ ಮೇಲೆ ಎರಗಿದ. ಅವಳ ತಲೆಯನ್ನು ಕಾದ ಆ ಕೈ, ಸಂಗೀತದ ಜೊತೆಗೆ, ಕತ್ತು ಹಿಸುಕುವ ಕೈಯಾಗಿತ್ತು.

"ಇಂಥೋರನ್ನ ಊರೊಳಗೆ ಬಿಟ್ಕೋಬಾರ್ದು," ಎಂದಳು ಅಮ್ಮ, ಸೆರಗು ಬಿಗಿ ಮಾಡಿಕೊಳ್ಳುತ್ತಾ.

"ಅಮ್ಮಾ, ಆ ಹೆಂಗಸು ನಾನು," ಎಂದಳು ಅವಳು. ಆಮೇಲೆ ಎಲ್ಲವನ್ನೂ ಹೇಳಿದಳು. ಅಮ್ಮ ನಂಬಿದಳೋ ಇಲ್ಲವೋ, ಎದ್ದು ಹೋಗಿ ಟಿವಿ ಆರಿಸಿದಳು.

ಊರು ಅಮ್ಮನಷ್ಟೂ ಕೇಳಿಸಿಕೊಳ್ಳಲಿಲ್ಲ. ಡಿಪೋದವರು ನಾಳೆಯಿಂದ ಬರಬೇಡ ಎಂದರಂತೆ. ಸೇತುವೆಯ ಹತ್ತಿರದ ಅಂಗಡಿಯವರು ಅವನನ್ನು ಅಲ್ಲಿಂದ ಎಬ್ಬಿಸಿದರಂತೆ. ಅವಳು ಬಸ್ ನಿಲ್ದಾಣ, ಆಸ್ಪತ್ರೆಯ ಜಗಲಿ, ಮಾರುಕಟ್ಟೆಯ ಹಿಂಭಾಗ ಎಲ್ಲವನ್ನೂ ಜಾಲಾಡಿದಳು. ಹಳೆಯ ಕೋಟು ಕಂಡಲ್ಲೆಲ್ಲ ಓಡಿ ಹೋಗಿ ನೋಡಿದರೆ ಬೇರೆ ಯಾರೋ. ಅವಳು ನೆರಳು ನೋಡಿದರೆ ಬೆಚ್ಚುವವಳಾದಳು. ಕಿವಿಯಲ್ಲಿ ಯಾರೋ ಅರ್ಧ ಸಾಲು ಹಾಡಿ ನಿಲ್ಲಿಸಿದ ಹಾಗಾಗುತ್ತಿತ್ತು.

ಕೊನೆಗೆ ಸಿಕ್ಕಿದ್ದು ಊರಾಚೆಯ ರೈಲ್ವೆ ಗೋದಾಮಿನಲ್ಲಿ, ಒಂದು ಮಧ್ಯಾಹ್ನ. ಅದಕ್ಕೆ ಮೂರೇ ಗೋಡೆ. ಅವನ ಗಡ್ಡ ಬೆಳೆದಿತ್ತು. ಬೂಟಿಗೆ ಧೂಳು ಮೆತ್ತಿತ್ತು. ಅಂದು ಅವಳು ಹಾಕಿದ ವೇಷವನ್ನೇ ಅವನು ನಿಜ ಮಾಡಿಕೊಂಡು ಕೂತಿದ್ದ. ಅವಳು ಅವನೆದುರು ನೆಲದ ಮೇಲೆ ಕೂತಳು.

"ತಲೆಗೆ ಪೆಟ್ಟಾಯ್ತಾ ಅವತ್ತು?" ಅವನ ಮೊದಲ ಮಾತು ಅದೇ.

"ಇಲ್ಲ. ನಿಮ್ಮ ಕೈ ಇತ್ತು."

ಅವನು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ತಾನೂ ಟಿವಿ ಅಂಗಡಿಯ ಗಾಜಿನಾಚೆಯಿಂದ ಆ ದೃಶ್ಯ ನೋಡಿದೆ ಎಂದ. ನೋಡನೋಡುತ್ತಾ ತಾನು ನಿಜಕ್ಕೂ ಏನು ಮಾಡಿದೆ ಎಂಬುದೇ ಮರೆತುಹೋಯಿತು, ಅವರು ತೋರಿಸಿದ್ದೇ ನಿಜವಿರಬಹುದು ಅನ್ನಿಸಿಬಿಟ್ಟಿತು ಎಂದ.

"ನಾನಿದ್ನಲ್ಲ ಕೆಳಗೆ. ನನ್ನನ್ನ ಕೇಳಿ," ಎಂದಳು ಅವಳು. "ನನ್ನನ್ನ ಅಷ್ಟು ಜೋಪಾನವಾಗಿ ಯಾರೂ ಹಿಡಿದಿರ್ಲಿಲ್ಲ. ನಮ್ಮನೆ ಮಹಡಿಗೆ ಗೋಡೇನೇ ಇಲ್ಲ. ಬನ್ನಿ."

"ನಾನೊಬ್ಬನೇ ಬರಲ್ಲ. ಅವನೂ ಬರ್ತಾನೆ ಜೊತೇಲಿ. ಹಾಡ್ತಾ ಇರ್ತಾನೆ."

"ಬರ್ಲಿ. ಮಹಡಿ ದೊಡ್ಡದಿದೆ."

ಅವನ ಮುಖ ಅಲುಗಿತು. ಅಳುವೋ ನಗುವೋ ಆ ಗಡ್ಡದೊಳಗೆ ತಿಳಿಯಲಿಲ್ಲ. ಅವಳು ಎರಡೂ ಕೈಯಲ್ಲಿ ಆ ಮುಖ ಹಿಡಿದುಕೊಂಡಳು.

ಅವನು ಬಂದ. ಅಮ್ಮ ಮೊದಲ ದಿನಗಳಲ್ಲಿ ತನ್ನ ಕೋಣೆಗೆ ಬೀಗ ಹಾಕಿಕೊಂಡೇ ಮಲಗಿದಳು. ಬೆಳಗ್ಗೆ ಮಾತ್ರ, ನಿನ್ನ ಸಿಪಾಯಿಗೆ ಬಿಸಿನೀರು ಬೇಕೇನೋ ಕೇಳು ಎಂದು ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದಳು. ಅವನು ಒಂದೇ ಒಂದು ಮಾತು ಕೇಳಿಕೊಂಡಿದ್ದ. ನಿದ್ದೆಯಲ್ಲಿದ್ದಾಗ ನನ್ನನ್ನು ಯಾರೂ ಮುಟ್ಟಬೇಡಿ, ದೂರದಿಂದ ಕೂಗಿ, ಎಚ್ಚರವಾಗುವಾಗ ನಾನು ಎಲ್ಲಿರುತ್ತೇನೋ ನನಗೇ ಗೊತ್ತಿರುವುದಿಲ್ಲ.

ಒಂದು ಸಂಜೆ ಅವಳು ಹೊಸ ಕೆಲಸ ಮುಗಿಸಿ ಮಹಡಿ ಹತ್ತಿದಾಗ ಅವನು ಬಿಸಿಲಿಳಿದ ನೆಲದ ಮೇಲೆ ಮಲಗಿದ್ದ. ಹುಬ್ಬು ಗಂಟಿಕ್ಕಿತ್ತು, ಬೆರಳುಗಳು ಇಲ್ಲದ ಸ್ಟೀರಿಂಗನ್ನು ತಿರುಗಿಸುತ್ತಿದ್ದವು, ತುಟಿ ಯಾರಿಗೋ ಬೇಡ ಬೇಡ ಅನ್ನುತ್ತಿತ್ತು. ಓಡಿ ಹೋಗಿ ಹಿಡಿದುಕೊಳ್ಳಬೇಕೆಂದು ಅವಳ ಮೈಯೆಲ್ಲ ತುಡಿಯಿತು. ಮೆಟ್ಟಿಲ ಬಾಯಲ್ಲೇ ಕಾಲು ಬಿಗಿಹಿಡಿದು ನಿಂತು, ಮೆಲ್ಲಗೆ ಕರೆದಳು. ಮತ್ತೆ ಕರೆದಳು.

ಅವನು ಎದ್ದು ಕೂತ. ಅವಳನ್ನು ಗುರುತಿಲ್ಲದವನ ಹಾಗೆ ನೋಡಿದ. ಆ ಕಣ್ಣುಗಳಲ್ಲಿ ಇನ್ನೂ ಆ ರಸ್ತೆ, ಆ ಹೊಗೆ.

"ಎಲ್ಲಿದೀನಿ?"

"ನನ್ನ ಹತ್ರ," ಎಂದಳು ಅವಳು.

ಗಾಳಿ ಬೀಸಿತು. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಅವನ ಕಣ್ಣು ನಿಧಾನವಾಗಿ ತಿಳಿಯಾಯಿತು. ತುಟಿಯ ಒಂದು ಮೂಲೆ ಅಲುಗಿತು.

"ಹತ್ರ ಅಂತೀಯ," ಎಂದ ಅವನು, ಮೊದಲ ಸಲ ಏಕವಚನದಲ್ಲಿ. "ಮತ್ತೆ ಅಷ್ಟು ದೂರ ಯಾಕೆ ನಿಂತಿದೀಯ?"